ಎಲ್ಲೆ ಕಟ್ಟಿದ ಚಕ್ರವರ್ತಿ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಪೂರ್ವದ ಕಡಲಿಗೂ ಪಶ್ಚಿಮದ ಕಡಲಿಗೂ ನಡುವೆ, ಒಂದು ಹಳೆಯ ಕಲ್ಲಿನ ಗೋಡೆಯಿದೆ. ಬೋಳುಗುಡ್ಡಗಳ ನೆತ್ತಿಯನ್ನು ಏರಿ, ಕಣಿವೆಗಳಿಗೆ ಇಳಿದು, ಕುರಿಗಳು ಮೇಯುವ ಹುಲ್ಲುಗಾವಲುಗಳ ನಡುವೆ ಅದು ಹಾದುಹೋಗುತ್ತದೆ. ಈಗ ಅದು ಬಹಳ ಕಡೆ ಆಳೆತ್ತರಕ್ಕಿಂತ ಹೆಚ್ಚಿಲ್ಲ. ಹಲವೆಡೆ ಅದರ ಗುರುತೂ ಉಳಿದಿಲ್ಲ. ಆದರೂ ಅದನ್ನು ನೋಡಲು ದೇಶದೇಶಗಳಿಂದ ಜನರು ಬರುತ್ತಾರೆ. ಗೆಲ್ಲಬಲ್ಲ ಸೈನ್ಯವಿದ್ದಾಗಲೂ ಇನ್ನು ಸಾಕೆಂದು ನಿಂತ ಅರಸರು ಚರಿತ್ರೆಯಲ್ಲಿ ವಿರಳ. ಅಂತಹ ವಿರಳರಲ್ಲಿ ಒಬ್ಬನು ಈ ಗೋಡೆಯನ್ನು ಕಟ್ಟಿಸಿದನು. ಅವನೇ ರೋಮ್ ಸಾಮ್ರಾಜ್ಯದ ಚಕ್ರವರ್ತಿ ಹೇಡ್ರಿಯನ್.

ಹೇಡ್ರಿಯನ್ ಕ್ರಿ. ಶ. 76ನೆಯ ಇಸವಿಯ ಜನವರಿ 24ರಂದು ಜನಿಸಿದನು. ಅವನ ಪೂರ್ವಿಕರು ಇಟಲಿಯನ್ನು ಬಿಟ್ಟು ದಕ್ಷಿಣ ಸ್ಪೇನಿನ ಇಟಾಲಿಕ ಎಂಬ ಪಟ್ಟಣದಲ್ಲಿ ನೆಲೆಸಿದ್ದರು. ಹತ್ತನೆಯ ವಯಸ್ಸಿನ ಹೊತ್ತಿಗೆ ಅವನು ತಂದೆಯನ್ನು ಕಳೆದುಕೊಂಡನು. ತಂದೆಯ ದಾಯಾದಿಯಾದ ಟ್ರೇಜನ್ ಎಂಬ ಸೇನಾನಿಯೂ ಇನ್ನೊಬ್ಬ ಬಂಧುಮಿತ್ರನೂ ಬಾಲಕನ ಪೋಷಕರಾದರು. ಹುಡುಗನಿಗೆ ಗ್ರೀಕ್ ಭಾಷೆ, ಕಾವ್ಯ, ಶಿಲ್ಪ ಎಂದರೆ ಪ್ರಾಣ. ಸಂಗಾತಿಗಳು ಅವನನ್ನು ಪುಟ್ಟ ಗ್ರೀಕನೆಂದು ಹಾಸ್ಯಮಾಡುತ್ತಿದ್ದರು. ಬೇಟೆಯ ಹುಚ್ಚೂ ಅವನಿಗೆ ಕಡಮೆಯಿರಲಿಲ್ಲ. ಅದು ಮಿತಿಮೀರಿತೆಂದು ಟ್ರೇಜನ್ ಅವನನ್ನು ಸ್ಪೇನಿನಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಕ್ರಿ. ಶ. 101ರಲ್ಲಿ ಅವನು ಸೆನೆಟ್ ಎಂಬ ರೋಮಿನ ಹಿರಿಯರ ಸಭೆಯಲ್ಲಿ ಚಕ್ರವರ್ತಿಯ ಭಾಷಣವೊಂದನ್ನು ಓದಬೇಕಾಗಿ ಬಂದಿತು. ಅವನ ಒರಟು ಉಚ್ಚಾರಣೆಯನ್ನು ಕೇಳಿ ಸಭಿಕರು ನಕ್ಕರು. ಆ ನಗೆ ಅವನ ಮನಸ್ಸಿಗೆ ನಾಟಿತು. ಅಂದಿನಿಂದ ಲ್ಯಾಟಿನ್ ಭಾಷೆಯನ್ನು ಛಲದಿಂದ ಅಭ್ಯಾಸಮಾಡಿ, ಅದರಲ್ಲಿ ನಿಪುಣನೆಂದು ಹೆಸರು ಪಡೆದನು.

ಯೌವನದಲ್ಲಿ ಹೇಡ್ರಿಯನ್ ಒಂದಾದಮೇಲೊಂದರಂತೆ ಮೂರು ಲೀಜನ್‌ಗಳಲ್ಲಿ ಅಧಿಕಾರಿಯಾಗಿದ್ದನು. ಲೀಜನ್ ಎಂದರೆ ಸುಮಾರು ಐದು ಸಾವಿರ ಯೋಧರುಳ್ಳ ರೋಮನ್ ಪಡೆ. ಕ್ರಿ. ಶ. 98ರಲ್ಲಿ ಚಕ್ರವರ್ತಿ ನರ್ವ ತೀರಿಕೊಂಡಾಗ ಪಟ್ಟವು ಟ್ರೇಜನ್ನನಿಗೆ ಸಲ್ಲಬೇಕಾಗಿತ್ತು. ಜರ್ಮನಿಯ ಗಡಿಯಲ್ಲಿದ್ದ ಹೇಡ್ರಿಯನ್ ಈ ಸುದ್ದಿಯನ್ನು ತಾನೇ ಮೊದಲು ಮುಟ್ಟಿಸಬೇಕೆಂದು ಹೊರಟನು. ಅವನ ಅಕ್ಕನ ಗಂಡನಾದ ಸರ್ವಿಯಾನಸನಿಗೆ ಇದು ಸಹಿಸಲಿಲ್ಲ. ಅವನು ಹೇಡ್ರಿಯನ್ನನ ಬಂಡಿಯನ್ನು ದಾರಿಯಲ್ಲಿ ಮುರಿದುಬೀಳುವಂತೆ ಮಾಡಿಸಿದನೆಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. ಬಂಡಿ ಮುರಿದರೂ ಹೇಡ್ರಿಯನ್ ನಿಲ್ಲಲಿಲ್ಲ. ಕಾಲ್ನಡಿಗೆಯಲ್ಲಿಯೇ ಧಾವಿಸಿ, ಸರ್ವಿಯಾನಸನ ದೂತನಿಗಿಂತ ಮೊದಲು ಟ್ರೇಜನ್ನನ ಮುಂದೆ ನಿಂತನು. ಈ ಸರ್ವಿಯಾನಸನ ಹೆಸರನ್ನು ನಾವು ಮುಂದೆ ಇನ್ನೊಮ್ಮೆ ಕೇಳಲಿದ್ದೇವೆ.

ಟ್ರೇಜನ್ ಮಹಾ ಯೋಧ. ಡಾನ್ಯೂಬ್ ನದಿಯ ಆಚೆಗೆ, ಇಂದಿನ ರುಮೇನಿಯ ದೇಶವಿರುವಲ್ಲಿದ್ದ ಡೇಸಿಯವನ್ನು ಅವನು ಗೆದ್ದನು. ಆ ಯುದ್ಧಗಳಲ್ಲಿ ಹೇಡ್ರಿಯನ್ನನೂ ಹೋರಾಡಿದನು. ಅನಂತರ ಟ್ರೇಜನ್ ಪೂರ್ವಕ್ಕೆ ನುಗ್ಗಿ ಆರ್ಮೇನಿಯವನ್ನೂ ಮೆಸೊಪೊಟೇಮಿಯವನ್ನೂ ಹಿಡಿದನು. ರೋಮ್ ಸಾಮ್ರಾಜ್ಯ ಹಿಂದೆಂದೂ ಅಷ್ಟು ವಿಸ್ತಾರವಾಗಿರಲಿಲ್ಲ. ಆದರೆ ಗೆದ್ದ ನಾಡುಗಳಲ್ಲಿ ದಂಗೆಗಳೆದ್ದವು. ಕ್ರಿ. ಶ. 117ರಲ್ಲಿ ಟ್ರೇಜನ್ ಹಿಂದಿರುಗುವ ದಾರಿಯಲ್ಲಿ ಮೃತನಾದನು. ಸಾಯುವ ಮುನ್ನ ಅವನು ಹೇಡ್ರಿಯನ್ನನನ್ನು ದತ್ತು ತೆಗೆದುಕೊಂಡನೆಂದು ರಾಣಿ ಪ್ಲೊಟೀನ ಸಾರಿದಳು. ಇದನ್ನು ಸಂಶಯದಿಂದ ಕಂಡವರೂ ಇದ್ದರು. ಸೈನ್ಯ ಅವನನ್ನು ಒಪ್ಪಿತು. ಹೇಡ್ರಿಯನ್ ನಲವತ್ತೊಂದನೆಯ ವಯಸ್ಸಿನಲ್ಲಿ ಚಕ್ರವರ್ತಿಯಾದನು. ಯೂಫ್ರೆಟೀಸ್ ನದಿಯ ಆಚೆ ಟ್ರೇಜನ್ ಗೆದ್ದಿದ್ದ ನಾಡುಗಳನ್ನು ಅವನು ಬಿಟ್ಟುಕೊಟ್ಟನು. ರಕ್ತ ಸುರಿಸಿ ಪಡೆದ ನೆಲವನ್ನು ಬಿಡುವುದು ಹೇಡಿತನವೆಂದು ಹಳೆಯ ಸೇನಾನಿಗಳು ಕುದಿದರು. ಸ್ವಲ್ಪ ಕಾಲದಲ್ಲಿಯೇ ಅವರಲ್ಲಿ ನಾಲ್ವರು ಪ್ರಮುಖರು ಒಳಸಂಚಿನ ಆರೋಪದ ಮೇಲೆ ಕೊಲ್ಲಲ್ಪಟ್ಟರು. ಆ ಕೊಲೆಗಳು ತನ್ನ ಅಪ್ಪಣೆಯಿಂದ ಆದುವಲ್ಲವೆಂದು ಹೇಡ್ರಿಯನ್ ಹೇಳಿಕೊಂಡರೂ ಸೆನೆಟ್ ಅವನನ್ನು ಕೊನೆಯವರೆಗೂ ಪೂರ್ಣವಾಗಿ ಕ್ಷಮಿಸಲಿಲ್ಲ. ಜನರ ಪ್ರೀತಿಯನ್ನು ಗಳಿಸಲು ಅವನು ಭಂಡಾರಕ್ಕೆ ಬರಬೇಕಾಗಿದ್ದ 90 ಕೋಟಿ ಸೆಸ್ಟರ್ಸ್ ನಾಣ್ಯಗಳ ಸಾಲವನ್ನು ಮನ್ನಾ ಮಾಡಿ, ಸಾಲದ ಪತ್ರಗಳನ್ನು ರೋಮಿನ ಚೌಕದಲ್ಲಿ ಎಲ್ಲರ ಎದುರಿಗೆ ಸುಡಿಸಿದನು.

ಅರಮನೆಯಲ್ಲಿ ಕುಳಿತು ರಾಜ್ಯವಾಳುವುದು ಹೇಡ್ರಿಯನ್ನನಿಗೆ ಒಗ್ಗದ ಮಾತು. ತನ್ನ ಇಪ್ಪತ್ತೊಂದು ವರ್ಷಗಳ ಆಳ್ವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಅವನು ರೋಮಿನಿಂದ ದೂರದಲ್ಲಿಯೇ ಕಳೆದನು. ಹೋದಲ್ಲೆಲ್ಲ ಸೈನಿಕರ ಪಾಳೆಯಗಳನ್ನು ಪರೀಕ್ಷಿಸಿದನು. ಯುದ್ಧಕ್ಕಿಂತ ಶಾಂತಿಯೇ ಲೇಸೆಂದು ಬಗೆದ ಈ ದೊರೆ, ನಾಳೆಯೇ ಯುದ್ಧವೆಂಬಂತೆ ಸೈನ್ಯವನ್ನು ಅಣಿಯಾಗಿಟ್ಟನು. ಜರ್ಮನಿಯ ಹಿಮದಲ್ಲಿಯೂ ಈಜಿಪ್ಟಿನ ಬಿಸಿಲಿನಲ್ಲಿಯೂ ಅವನು ಬರಿತಲೆಯಲ್ಲಿ ನಡೆದನು. ಸಾಮಾನ್ಯ ಸೈನಿಕರು ತಿನ್ನುವ ಉಪ್ಪುಮಾಂಸ, ಗಿಣ್ಣುಗಳನ್ನು ಬಯಲಿನಲ್ಲಿ ಕುಳಿತು ತಿಂದನು. ಆಯುಧ ಕವಚಗಳನ್ನು ಹೊತ್ತು ಅವರೊಡನೆ ಇಪ್ಪತ್ತು ಮೈಲಿ ನಡೆದನು. ಪಾಳೆಯಗಳಲ್ಲಿ ಅಧಿಕಾರಿಗಳು ಮಾಡಿಕೊಂಡಿದ್ದ ಭೋಜನಮಂದಿರಗಳನ್ನೂ ಅಲಂಕಾರದ ತೋಟಗಳನ್ನೂ ಕಿತ್ತುಹಾಕಿಸಿದನು. ರೋಗಿಗಳಾದ ಸೈನಿಕರನ್ನು ಅವರ ಬಿಡಾರಗಳಿಗೆ ಹೋಗಿ ವಿಚಾರಿಸಿದನು. ಆ ಕಾಲದ ಕಾಯಿದೆಯಂತೆ ಸೈನಿಕರು ಮದುವೆಯಾಗುವಂತಿರಲಿಲ್ಲ. ಆದ್ದರಿಂದ ಅವರ ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕಿರಲಿಲ್ಲ. ಕ್ರಿ. ಶ. 119ರಲ್ಲಿ ಈಜಿಪ್ಟಿನ ಅಧಿಕಾರಿಗೆ ಬರೆದ ಆಜ್ಞೆಯಲ್ಲಿ ಹೇಡ್ರಿಯನ್ ಅಂತಹ ಮಕ್ಕಳಿಗೂ ತಂದೆಯ ಸ್ವತ್ತನ್ನು ಕೇಳುವ ಅವಕಾಶ ಮಾಡಿಕೊಟ್ಟನು.

ಅವನ ಆಳ್ವಿಕೆಯ ಆರಂಭದಲ್ಲಿ ಬ್ರಿಟನ್ನಿನಲ್ಲಿ ಅಶಾಂತಿ ತಲೆದೋರಿತ್ತು. ಕ್ರಿ. ಶ. 43ರಲ್ಲಿ ರೋಮನರು ಆ ದ್ವೀಪಕ್ಕೆ ಕಾಲಿಟ್ಟಿದ್ದರು; ದಕ್ಷಿಣ ಭಾಗ ಅವರ ವಶವಾಗಿದ್ದರೂ ಉತ್ತರದ ಬುಡಕಟ್ಟುಗಳು ಮಣಿದಿರಲಿಲ್ಲ. ಹಿಂದೆ ಒಮ್ಮೆ ಸ್ಕಾಟ್ಲೆಂಡಿನ ಒಳಗಿನವರೆಗೂ ಹೋಗಿದ್ದ ರೋಮನ್ ಸೈನ್ಯ ಅಲ್ಲಿ ನಿಲ್ಲಲಾರದೆ ಹಿಂದಕ್ಕೆ ಸರಿದಿತ್ತು. ಟೈನ್ ಮತ್ತು ಸಾಲ್ವೇ ತೀರಗಳ ನಡುವಣ ಪ್ರದೇಶದಲ್ಲಿ ಕಾರ್‌ಬ್ರಿಜ್, ವಿಂಡೊಲಾಂಡ ಮೊದಲಾದ ಕೋಟೆಗಳಲ್ಲಿ ಕಾವಲು ಪಡೆಗಳಿದ್ದವು. ಕ್ರಿ. ಶ. 122ರಲ್ಲಿ ಹೇಡ್ರಿಯನ್ ಬ್ರಿಟನ್ನಿಗೆ ಬಂದನು. ಅವನ ಮುಂದೆ ಎರಡು ದಾರಿಗಳಿದ್ದವು. ಹೊಸ ದಂಡಯಾತ್ರೆ ಮಾಡಿ ಉತ್ತರವನ್ನೂ ಗೆಲ್ಲುವುದು ಒಂದು. ಇದ್ದುದನ್ನು ಭದ್ರಪಡಿಸಿಕೊಂಡು ನಿಲ್ಲುವುದು ಇನ್ನೊಂದು. ಮೊದಲನೆಯದರಲ್ಲಿ ಕೀರ್ತಿಯಿತ್ತು. ಹೇಡ್ರಿಯನ್ ಎರಡನೆಯದನ್ನು ಆರಿಸಿಕೊಂಡನು.

ಟೈನ್ ನದಿಯ ಬದಿಯ ವಾಲ್ಸೆಂಡ್‌ನಿಂದ ಸಾಲ್ವೇ ಕೊಲ್ಲಿಯ ಬದಿಯ ಬೋನೆಸ್‌ವರೆಗೆ 80 ರೋಮನ್ ಮೈಲಿ, ಎಂದರೆ ಸುಮಾರು 117 ಕಿಲೋಮೀಟರ್ ಉದ್ದದ ಗೋಡೆಯ ಕೆಲಸ ಆರಂಭವಾಯಿತು. ಹೇಡ್ರಿಯನ್ನನ ಮಿತ್ರ ಪ್ಲಟೋರಿಯಸ್ ನೆಪೋಸ್ ಆಗ ಪ್ರಾಂತಾಧಿಪತಿ. ಮೂರು ಲೀಜನ್‌ಗಳ ಯೋಧರು ಕಲ್ಲು ಒಡೆದು, ಸುಣ್ಣ ಸುಟ್ಟು, ಗೋಡೆಯನ್ನು ಎಬ್ಬಿಸಿದರು. ಪೂರ್ವ ಭಾಗವನ್ನು ಕಲ್ಲಿನಿಂದಲೂ ಪಶ್ಚಿಮ ಭಾಗವನ್ನು ಮೊದಲು ಹುಲ್ಲುಹೆಂಟೆಗಳಿಂದಲೂ ಕಟ್ಟಿದರು. ಪ್ರತಿಯೊಂದು ರೋಮನ್ ಮೈಲಿಗೆ ಬಾಗಿಲುಳ್ಳ ಒಂದು ಚಿಕ್ಕ ಕೋಟೆ. ಎರಡು ಚಿಕ್ಕ ಕೋಟೆಗಳ ನಡುವೆ ಎರಡು ಕಾವಲುಗೋಪುರಗಳು. ಗೋಡೆಯ ಉತ್ತರಕ್ಕೆ ಆಳವಾದ ಕಂದಕ. ದಕ್ಷಿಣಕ್ಕೆ ಎರಡೂ ಕಡೆ ಮಣ್ಣಿನ ದಿಬ್ಬಗಳಿರುವ ಇನ್ನೊಂದು ಅಗಲವಾದ ತೋಡು. ಗೋಡೆಯ ದಪ್ಪ ಮೊದಲಿಗೆ ಹತ್ತು ಅಡಿಯೆಂದು ಗೊತ್ತಾಗಿತ್ತು. ಮುಂದೆ ಅದನ್ನು ಎಂಟು ಅಡಿಗೂ ಅದಕ್ಕಿಂತ ಕಡಮೆಗೂ ಇಳಿಸಿದರು. ಅಗಲವಾದ ಅಡಿಪಾಯದ ಮೇಲೆ ಕಿರಿದಾದ ಗೋಡೆ ನಿಂತಿರುವುದನ್ನು ಇಂದಿಗೂ ಕೆಲವೆಡೆ ಕಾಣಬಹುದು. ಈಗಿನ ನ್ಯೂಕಾಸಲ್ ನಗರವಿರುವಲ್ಲಿ ಟೈನ್ ನದಿಗೆ ಕಟ್ಟಿದ ಸೇತುವೆಗೆ ಹೇಡ್ರಿಯನ್ನನ ಮನೆತನದ ಹೆಸರನ್ನೇ ಇಟ್ಟರು.

ಮೊದಲ ಯೋಜನೆಯಂತೆ ಸೈನ್ಯದ ಬಹುಭಾಗ ಹಿಂದಿನ ಕೋಟೆಗಳಲ್ಲಿಯೇ ಉಳಿಯಬೇಕಾಗಿತ್ತು. ಕೆಲಸ ನಡೆಯುತ್ತಿರುವಾಗಲೇ ಪಡೆಗಳು ಗೋಡೆಯ ಮೇಲೆಯೇ ಇರಬೇಕೆಂದು ತೀರ್ಮಾನವಾಯಿತು. ಹೀಗೆ ಹೌಸ್‌ಸ್ಟೆಡ್ಸ್, ಚೆಸ್ಟರ್ಸ್, ಬರ್ಡೋಸ್ವಾಲ್ಡ್ ಮೊದಲಾದ ದೊಡ್ಡ ಕೋಟೆಗಳು ಎದ್ದವು. ಕಟ್ಟಿ ಮುಗಿಸಿದ್ದ ಕೆಲವು ಗೋಪುರಗಳನ್ನು ಕೆಡವಿ ಅವುಗಳ ಮೇಲೆಯೇ ಕೋಟೆಗಳನ್ನು ಕಟ್ಟಿದರು. ಹೌಸ್‌ಸ್ಟೆಡ್ಸ್ ಕೋಟೆ ಸುಮಾರು ಐದು ಎಕರೆ ವಿಸ್ತಾರವುಳ್ಳದ್ದು. ನಾಲ್ಕು ದಿಕ್ಕಿಗೂ ಒಂದೊಂದು ಹೆಬ್ಬಾಗಿಲು. ನಡುವೆ ಮುಖ್ಯ ಕಚೇರಿ. ಅದರ ಪಕ್ಕದಲ್ಲಿ ದಳಪತಿಯ ಮನೆ, ಆಸ್ಪತ್ರೆ, ಕಣಜಗಳು. ಎರಡೂ ಕಡೆ ಸೈನಿಕರು ವಾಸಿಸುವ ಸಾಲುಮನೆಗಳು. ಕಾಳು ತೇವದಿಂದ ಕೆಡದಂತೆ ಕಣಜದ ನೆಲವನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ಕಟ್ಟಿ, ಕೆಳಗೆ ಗಾಳಿಯಾಡಲು ಕಿಂಡಿಗಳನ್ನು ಬಿಟ್ಟಿದ್ದರು. ಮಳೆಯ ನೀರನ್ನು ತೊಟ್ಟಿಗಳಲ್ಲಿ ತುಂಬಿ ಶೌಚಗೃಹದ ಕಾಲುವೆಗೆ ಹರಿಸುತ್ತಿದ್ದರು. ಚೆಸ್ಟರ್ಸ್ ಕೋಟೆಯ ಬಳಿ ನದಿಯ ದಡದಲ್ಲಿ ಬಿಸಿನೀರಿನ ಸ್ನಾನಗೃಹವಿತ್ತು.

ಗೋಡೆಯನ್ನು ಕಟ್ಟಿದವರು ರೋಮಿನ ಪೌರರಾದ ಲೀಜನ್ ಯೋಧರು. ಕಾಯ್ದವರು ಸಾಮ್ರಾಜ್ಯದ ನಾನಾ ನಾಡುಗಳಿಂದ ಬಂದ ಸಹಾಯಕ ಪಡೆಗಳವರು. ಹೇಡ್ರಿಯನ್ನನ ಕಾಲದಲ್ಲಿಯೇ ಕಾರ್ವೋರನ್ ಕೋಟೆಯಲ್ಲಿ ಸಿರಿಯದ ಬಿಲ್ಲುಗಾರರಿದ್ದರು. ಮುಂದಿನ ಕಾಲದಲ್ಲಿ ಚೆಸ್ಟರ್ಸ್‌ನಲ್ಲಿ ಉತ್ತರ ಸ್ಪೇನಿನ ಕುದುರೆ ಸವಾರರೂ, ಹೌಸ್‌ಸ್ಟೆಡ್ಸ್‌ನಲ್ಲಿ ಇಂದಿನ ಬೆಲ್ಜಿಯಮ್ ಕಡೆಯ ಟಂಗ್ರಿಯನರೂ ಇದ್ದುದು ಶಾಸನಗಳಿಂದ ತಿಳಿಯುತ್ತದೆ. ಬರ್ಡೋಸ್ವಾಲ್ಡ್‌ನಲ್ಲಿದ್ದವರು ಡೇಸಿಯನರು. ಹೇಡ್ರಿಯನ್ ಯೌವನದಲ್ಲಿ ಯಾರ ವಿರುದ್ಧ ಹೋರಾಡಿದ್ದನೋ ಆ ಜನರ ಪಡೆಯೊಂದು ಅವನ ಮನೆತನದ ಹೆಸರನ್ನು ಹೊತ್ತು ಅವನ ಗೋಡೆಯನ್ನು ಕಾಯಿತು! ಅವರು ತಮ್ಮ ಶಾಸನಗಳ ಪಕ್ಕದಲ್ಲಿ ತಾಯ್ನಾಡಿನ ಬಾಗುಗತ್ತಿಯನ್ನು ಕೆತ್ತಿಸಿಕೊಂಡರು. ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದ ಸಹಾಯಕ ಸೈನಿಕನಿಗೆ ರೋಮಿನ ಪೌರತ್ವ ದೊರೆಯುತ್ತಿತ್ತು. ಅದರ ಸಾಕ್ಷಿಯಾಗಿ ಅವನು ಕಂಚಿನ ತಗಡಿನ ಮೇಲೆ ಕೊರೆದ ಸನ್ನದನ್ನು ಪಡೆಯಬಹುದಾಗಿತ್ತು.

ಈ ಕೋಟೆಗಳ ದಿನದಿನದ ಬಾಳು ಹೇಗಿತ್ತೆಂಬುದನ್ನು ವಿಂಡೊಲಾಂಡದ ನೆಲ ತೋರಿಸಿಕೊಟ್ಟಿದೆ. 1973ರಲ್ಲಿ ಅಲ್ಲಿ ಅಗೆಯುತ್ತಿದ್ದಾಗ ಕೆಸರಿನಲ್ಲಿ ತೆಳುವಾದ ಮರದ ಚಕ್ಕೆಗಳು ದೊರೆತವು. ಅವುಗಳ ಮೇಲೆ ಶಾಯಿಯ ಬರಹವಿತ್ತು. ಅವುಗಳಲ್ಲಿ ಹೆಚ್ಚಿನವು ಹೇಡ್ರಿಯನ್ ಬರುವುದಕ್ಕೆ ಕೆಲವು ವರ್ಷಗಳಿಂದ ಮೂವತ್ತು ವರ್ಷಗಳವರೆಗೆ ಹಿಂದಿನವು. ಒಂದು ಚಕ್ಕೆಯಲ್ಲಿ ಪಡೆಯ ಎಣಿಕೆಯಿದೆ: ಒಟ್ಟು 752 ಜನ; ಅವರಲ್ಲಿ 456 ಜನ ಬೇರೆ ಕೆಲಸಗಳಿಗಾಗಿ ಹೊರಗೆ; ಉಳಿದ 296 ಜನರಲ್ಲಿ 31 ಮಂದಿ ರೋಗಿಗಳು, ಗಾಯಗೊಂಡವರು, ಕಣ್ಣುಬೇನೆಯವರು. ಇನ್ನೊಂದು ಪತ್ರದಲ್ಲಿ ಯಾರೋ ಸೈನಿಕನೊಬ್ಬನಿಗೆ ಕಾಲುಚೀಲಗಳನ್ನೂ ಒಳಚಡ್ಡಿಗಳನ್ನೂ ಕಳುಹಿಸಿರುವ ವಿಷಯವಿದೆ. ಮತ್ತೊಂದರಲ್ಲಿ ಕ್ಲಾಡಿಯ ಸೆವೆರ ಎಂಬಾಕೆ ತನ್ನ ಹುಟ್ಟಿದಹಬ್ಬಕ್ಕೆ ಬರಬೇಕೆಂದು ದಳಪತಿಯ ಹೆಂಡತಿಯಾದ ಲೆಪಿಡೀನಳನ್ನು ಆದರದಿಂದ ಕರೆದಿದ್ದಾಳೆ. ಕೊನೆಯಲ್ಲಿ ಆಕೆ ಸ್ವಹಸ್ತದಿಂದ ಬರೆದ ಸಾಲುಗಳು, ಹೆಂಗಸೊಬ್ಬಳು ಲ್ಯಾಟಿನ್‌ನಲ್ಲಿ ಬರೆದು ನಮಗೆ ಉಳಿದುಬಂದಿರುವ ಅತ್ಯಂತ ಹಳೆಯ ಬರಹಗಳಲ್ಲಿ ಸೇರಿವೆ.

ಇನ್ನೊಂದು ಚಕ್ಕೆ ನೋವಿನ ಕಥೆಯನ್ನು ಹೇಳುತ್ತದೆ. ಕಡಲಾಚೆಯಿಂದ ಬಂದ ಒಬ್ಬ ವರ್ತಕನನ್ನು ಯಾರೋ ರಕ್ತ ಬರುವಂತೆ ಕೋಲುಗಳಿಂದ ಹೊಡೆದಿದ್ದರು. ತಾನು ನಿರಪರಾಧಿಯೆಂದೂ ಅಲ್ಲಿಯ ಅಧಿಕಾರಿಗಳಲ್ಲಿ ದೂರಿದರೂ ಫಲ ಸಿಕ್ಕಲಿಲ್ಲವೆಂದೂ ಅವನು ಮಹಾಪ್ರಭುವೊಬ್ಬನಿಗೆ ಮೊರೆಯಿಟ್ಟಿದ್ದಾನೆ. ಆ ಪ್ರಭು ಹೇಡ್ರಿಯನ್ನನೇ ಇರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಅಂತಹ ಮೊರೆಗಳಿಗೆ ಹೇಡ್ರಿಯನ್ ಕಿವುಡನಾಗಿರಲಿಲ್ಲ. ಒಮ್ಮೆ ಪ್ರಯಾಣದಲ್ಲಿ ಒಬ್ಬ ಹೆಂಗಸು ಅವನನ್ನು ತಡೆದು ಅಹವಾಲು ಹೇಳಲು ಬಂದಳು. ತನಗೆ ಬಿಡುವಿಲ್ಲವೆಂದು ಅವನು ಮುಂದುವರಿದನು. ಕೇಳಲು ಬಿಡುವಿಲ್ಲದವನು ಆಳುವುದನ್ನೂ ಬಿಡಬೇಕೆಂದು ಆಕೆ ಕೂಗಿದಳು. ಹೇಡ್ರಿಯನ್ ಹಿಂದಿರುಗಿ, ನಿಂತು, ಆಕೆಯ ಮಾತನ್ನು ಕೇಳಿದನು. ಗುಲಾಮರನ್ನು ಒಡೆಯರು ತಮ್ಮ ಇಷ್ಟದಂತೆ ಕೊಲ್ಲಬಾರದು, ನ್ಯಾಯಾಧೀಶರ ಮುಂದೆ ವಿಚಾರಣೆಯಾಗಬೇಕು ಎಂದು ಅವನು ಕಟ್ಟಳೆ ಮಾಡಿದನು. ಹೀಗೆ ಒಡೆಯರ ಅಧಿಕಾರಕ್ಕೂ ಒಂದು ಎಲ್ಲೆಯನ್ನು ಗೊತ್ತುಮಾಡಿದನು.

ಆದರೆ ತನ್ನ ಅಧಿಕಾರಕ್ಕೆ ಎಲ್ಲೆ ಹಾಕಿಕೊಳ್ಳುವುದು ಅವನಿಗೆ ಎಲ್ಲ ಕಾಲದಲ್ಲಿಯೂ ಸಾಧ್ಯವಾಗಲಿಲ್ಲ. ಗೋಡೆಯ ಅಡಿಯ ನೆಲವನ್ನು ಅಗೆದವರಿಗೆ ಕೆಲವೆಡೆ ನೇಗಿಲ ಗೆರೆಗಳು ಕಂಡಿವೆ. ಯಾರೋ ರೈತರು ಉತ್ತಿದ್ದ ಹೊಲಗಳ ಮೇಲೆ ಆ ಗೋಡೆ ಹಾದುಹೋಯಿತು. ಅವರನ್ನು ಯಾರೂ ಕೇಳಿರಲಾರರು. ಒಮ್ಮೆ ಸಿಟ್ಟಿನ ಭರದಲ್ಲಿ ಹೇಡ್ರಿಯನ್ ಕೈಯಲ್ಲಿದ್ದ ಲೇಖನಿಯಿಂದ ಒಬ್ಬ ಗುಲಾಮನನ್ನು ತಿವಿದು ಅವನ ಒಂದು ಕಣ್ಣನ್ನು ಕಳೆದನೆಂದು ವೈದ್ಯ ಗೇಲನ್ ಬರೆದಿದ್ದಾನೆ. ಅನಂತರ ಪಶ್ಚಾತ್ತಾಪಪಟ್ಟು, ಪರಿಹಾರವಾಗಿ ಏನು ಬೇಕಾದರೂ ಕೇಳೆಂದು ಅವನಿಗೆ ಹೇಳಿದನು. ಗುಲಾಮನು ಬಹಳ ಹೊತ್ತು ಮೌನವಾಗಿದ್ದು, ತನ್ನ ಕಣ್ಣೊಂದು ಮರಳಿ ಬಂದರೆ ಸಾಕು, ಬೇರೇನೂ ಬೇಡವೆಂದನು. ಜಗತ್ತಿನಲ್ಲಿ ಏನನ್ನಾದರೂ ಕೊಡಬಲ್ಲೆನೆಂದು ಬಗೆದಿದ್ದ ಚಕ್ರವರ್ತಿಗೆ ಅದನ್ನು ಕೊಡಲಾಗಲಿಲ್ಲ.

ಇದಕ್ಕಿಂತ ಘೋರವಾದ ಪ್ರಸಂಗ ಜುಡೇಯದಲ್ಲಿ ನಡೆಯಿತು. ಪಾಳುಬಿದ್ದಿದ್ದ ಜೆರೂಸಲೇಮನ್ನು ರೋಮನ್ ನಗರವಾಗಿ ಕಟ್ಟಿ ತನ್ನ ಹೆಸರಿಡಲು ಹೇಡ್ರಿಯನ್ ಮುಂದಾದನು. ಯೆಹೂದ್ಯರ ಪವಿತ್ರ ಕ್ಷೇತ್ರ ಅದು. ಕ್ರಿ. ಶ. 132ರಲ್ಲಿ ಅವರು ಬಾರ್ ಕೊಖ್ಬನ ನಾಯಕತ್ವದಲ್ಲಿ ದಂಗೆಯೆದ್ದರು. ಬ್ರಿಟನ್ನಿನಲ್ಲಿ ಪ್ರಾಂತಾಧಿಪತಿಯಾಗಿದ್ದ ಜೂಲಿಯಸ್ ಸೆವೆರಸನನ್ನು ಹೇಡ್ರಿಯನ್ ಅಲ್ಲಿಗೆ ಕಳುಹಿಸಿದನು. ಮೂರು ವರ್ಷಗಳಿಗೂ ಹೆಚ್ಚು ಕಾಲ ನಡೆದ ಆ ಹೋರಾಟದಲ್ಲಿ 985 ಹಳ್ಳಿಗಳು ನಾಶವಾದವೆಂದೂ 5,80,000 ಜನ ಕತ್ತಿಗೆ ಬಲಿಯಾದರೆಂದೂ ಚರಿತ್ರಕಾರ ಡಯೊ ಬರೆದಿದ್ದಾನೆ. ರೋಮನರ ಕಡೆಯೂ ಅಪಾರ ನಷ್ಟವಾಯಿತು. ಯೆಹೂದ್ಯರು ಜೆರೂಸಲೇಮಿಗೆ ಕಾಲಿಡಬಾರದೆಂದು ಆಜ್ಞೆಯಾಯಿತು. ಬ್ರಿಟನ್ನಿನಲ್ಲಿ ನೆಲದ ಎಲ್ಲೆಯನ್ನು ಅರಿತು ನಿಂತ ಅರಸನು ಇಲ್ಲಿ ಒಂದು ಜನಾಂಗದ ನಂಬಿಕೆಯ ಎಲ್ಲೆಯನ್ನು ಕಾಣದೆ ಹೋದನು.

ಹೇಡ್ರಿಯನ್ನನ ಕೊನೆಯ ದಿನಗಳು ಸುಖವಾಗಿರಲಿಲ್ಲ. ರೋಮಿನಲ್ಲಿ ಅವನು ಪುನಃ ಕಟ್ಟಿಸಿದ ಪ್ಯಾಂಥಿಯನ್ ದೇವಾಲಯದ 43 ಮೀಟರ್ ಅಗಲದ ಗುಮ್ಮಟ ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತದೆ. ಅಲ್ಲಿ ಅವನು ತನ್ನ ಹೆಸರನ್ನು ಕೆತ್ತಿಸದೆ ಮೊದಲು ಕಟ್ಟಿಸಿದ ಅಗ್ರಿಪ್ಪನ ಹೆಸರನ್ನೇ ಉಳಿಸಿದನು. ಆದರೆ ವಯಸ್ಸಾದಂತೆ ರೋಗವೂ ಸಂಶಯವೂ ಅವನನ್ನು ಆವರಿಸಿದವು. ಮಕ್ಕಳಿಲ್ಲದ ಅವನು ಉತ್ತರಾಧಿಕಾರಿಯನ್ನು ಆರಿಸುವ ಹೊತ್ತಿನಲ್ಲಿ, ತೊಂಬತ್ತು ವರ್ಷದ ಮುದುಕನಾಗಿದ್ದ ಸರ್ವಿಯಾನಸನನ್ನೂ ಅವನ ಮೊಮ್ಮಗನನ್ನೂ ಸಾವಿಗೆ ಗುರಿಮಾಡಿದನು. ಕೊನೆಗೆ ಆಂಟೊನೈನಸ್ ಎಂಬ ಸೌಮ್ಯ ಸ್ವಭಾವದವನನ್ನು ದತ್ತು ತೆಗೆದುಕೊಂಡು, ಅವನು ಬಾಲಕ ಮಾರ್ಕಸ್ ಅರೇಲಿಯಸನನ್ನು ದತ್ತು ಮಾಡಿಕೊಳ್ಳುವಂತೆ ಏರ್ಪಡಿಸಿದನು. ಕ್ರಿ. ಶ. 138ನೆಯ ಜುಲೈ 10ರಂದು ಬಾಯೆ ಎಂಬ ಕಡಲತೀರದ ಊರಿನಲ್ಲಿ ಅರವತ್ತೆರಡನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅವನಿಗೆ ದೇವತ್ವದ ಗೌರವ ನೀಡಲು ಸೆನೆಟ್ ಹಿಂಜರಿಯಿತು. ಆಂಟೊನೈನಸ್ ಹಟಹಿಡಿದು ಅದನ್ನು ಕೊಡಿಸಿದನು.

ಹೇಡ್ರಿಯನ್ನನ ತೀರ್ಮಾನ ಸರಿಯೇ ಎಂಬ ಪ್ರಶ್ನೆಗೆ ಕಾಲವೇ ಉತ್ತರ ಕೊಟ್ಟಿತು. ಆಂಟೊನೈನಸನ ಕಾಲದಲ್ಲಿ ರೋಮನ್ ಸೈನ್ಯ ಮತ್ತೆ ಉತ್ತರಕ್ಕೆ ನಡೆದು, ಸ್ಕಾಟ್ಲೆಂಡಿನ ನಡುವೆ ಇನ್ನೊಂದು ಗೋಡೆಯನ್ನು ಕಟ್ಟಿತು. ಇಪ್ಪತ್ತು ವರ್ಷಗಳಷ್ಟರಲ್ಲಿ ಅದನ್ನು ಬಿಟ್ಟು ಹೇಡ್ರಿಯನ್ನನ ಎಲ್ಲೆಗೇ ಹಿಂದಿರುಗಿತು. ಮುಂದೆ ಸುಮಾರು ಕ್ರಿ. ಶ. 400ರವರೆಗೆ ಕಾವಲು ಪಡೆಗಳು ಆ ಕೋಟೆಗಳಲ್ಲಿ ದೀಪ ಹಚ್ಚಿದವು. ರೋಮನರು ಹೋದ ಮೇಲೆ ಸುತ್ತಲಿನ ಜನರು ಗೋಡೆಯ ಕಲ್ಲುಗಳನ್ನು ಒಯ್ದು ಮನೆ, ದೊಡ್ಡಿ, ಇಗರ್ಜಿಗಳನ್ನು ಕಟ್ಟಿಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಕ್ಲೇಟನ್ ಎಂಬ ಮಹನೀಯನು ಗೋಡೆಯೂ ಕೋಟೆಗಳೂ ಇದ್ದ ಜಮೀನುಗಳನ್ನು ಕೊಂಡು ಉಳಿದುದನ್ನು ಕಾಪಾಡಿದನು. 1987ರಲ್ಲಿ ಅದು ವಿಶ್ವ ಪರಂಪರೆಯ ತಾಣವೆಂದು ಘೋಷಿತವಾಯಿತು.

ಇಂದು ಆ ಗೋಡೆಯ ಎರಡೂ ಬದಿಗಳಲ್ಲಿ ಒಂದೇ ದೇಶವಿದೆ. ಕುರಿಗಳು ಅದರ ನೆರಳಿನಲ್ಲಿ ಮಲಗುತ್ತವೆ. ನೆಲವನ್ನು ಗೆದ್ದ ಅರಸರ ಹೆಸರುಗಳು ಚರಿತ್ರೆಯ ಪುಟಗಳಲ್ಲಿ ತುಂಬಿವೆ; ಎಲ್ಲಿ ನಿಲ್ಲಬೇಕೆಂದು ಅರಿತವರ ಹೆಸರುಗಳು ಕೆಲವೇ. ಹೇಡ್ರಿಯನ್ ಅದನ್ನು ಅರಿತಾಗ ಸಾಮ್ರಾಜ್ಯಕ್ಕೆ ನೆಮ್ಮದಿಯನ್ನು ತಂದನು. ಮರೆತಾಗ ಇತರರ ಕಣ್ಣೀರಿಗೆ ಕಾರಣನಾದನು. ಅವನ ಬಾಳಿನ ಈ ಎರಡು ಮುಖಗಳನ್ನೂ ನಾವು ನೆನೆಯಬೇಕು.